ಬಾರದೆ ಉಳಿದ ನಕ್ಷೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಕೃತಕ ಕಾಲು ಮಾಡುವ ಕಾರ್ಖಾನೆಯ ಒಡತಿ ಠಾಣೆಗೆ ಬಂದು ದೂರು ಕೊಟ್ಟಳು. ಕೆಟ್ಟು ಕೂತಿದ್ದ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಳುವಾಗಿದೆ. ತೀರಿಹೋದ ತಂದೆ ಬರೆದ, ಕಾಲಿನ ನಕ್ಷೆ ತೆಗೆಯುವ ಪ್ರೋಗ್ರಾಂ ಅದರಲ್ಲಿದೆ. ಅಲ್ಲಿ ಕಾಲು ಮಾಡಿಸಿಕೊಂಡವರೆಲ್ಲರ ಅಳತೆಯೂ ಅದರಲ್ಲೇ ಇದೆ.

ಎಫ್‌ಐಆರ್ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಪೆನ್ನು ನಿಲ್ಲಿಸಿ ತಲೆಯೆತ್ತಿದಳು. ಆಕೆಯ ಎಡಗಾಲೂ ಅದೇ ಕಾರ್ಖಾನೆಯದು. ಸರಗಳ್ಳನೊಬ್ಬನ ಬೆನ್ನಟ್ಟಿ ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಸ್ವಂತ ಕಾಲು ಹೋಗಿತ್ತು. ಈಗ ಕೃತಕ ಕಾಲಿನ ಬಟ್ಟಲು, ಎಂದರೆ ಮೊಣಕಾಲ ಕೆಳಗಿನ ತುಂಡು ಕೂರುವ ಭಾಗ, ಸೀಳು ಬಿಟ್ಟಿತ್ತು. ತಿಂಗಳೊಳಗೆ ಹೊಸದಾಗದಿದ್ದರೆ ಇನ್ನು ಕುರ್ಚಿ ಕೆಲಸವೇ ಗತಿ ಎಂದು ಮೇಲಿನವರು ಹೇಳಿಯಾಗಿತ್ತು. ಬೀದಿ ಸುತ್ತಿ ಬೆಳೆದ ಆಕೆಗೆ ಕುರ್ಚಿ ಎಂದರೆ ಲಾಕಪ್ಪೇ.

"ಬೇರೆ ಕಂಪ್ಯೂಟರಲ್ಲಿ ಆಗಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇಲ್ಲ ಸರ್. ಅಪ್ಪನ ಪ್ರೋಗ್ರಾಂ ಹಳೇ ವಿಂಡೋಸ್ ಬಿಟ್ಟು ಬೇರೆಲ್ಲೂ ಓಡಲ್ಲ."

"ಓಡದೇ ಇರೋದನ್ನ ಕದ್ದು ಏನ್ ಮಾಡ್ತಾನೆ?"

"ಅದೇ ನಂಗೂ ಹೊಳೀತಿಲ್ಲ."

ಅಂದೇ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಕಂಪ್ಯೂಟರಿನ ಮುಚ್ಚಳ ಮತ್ತೆ ಮೊದಲಿನ ಹಾಗೆ ಕೂತಿತ್ತು, ಒಂದು ತಿರುಪೂ ಕಳೆದಿರಲಿಲ್ಲ. "ಎಲಾ ಇವನ! ಮರ್ಯಾದಸ್ಥ ಕಳ್ಳ ಕಣಮ್ಮ" ಎಂದು ಇನ್‌ಸ್ಪೆಕ್ಟರ್ ಗೊಣಗಿದರು. ಹಗಲಲ್ಲಿ ಬಂದುಹೋಗುವ ಪರಿಚಯದವರದ್ದೇ ಕೈ ಎಂದು ಇಬ್ಬರಿಗೂ ಅನ್ನಿಸಿತು. ಆದರೆ ಅಲ್ಲಿಗೆ ಬರುವವರೆಲ್ಲ ಕಾಲಿಗಾಗಿ ಬರುವವರು. ಯಾರನ್ನೆಂದು ಹಿಡಿದು ಕೇಳುವುದು?

ಹದಿನೈದು ದಿನವಾದ ಮೇಲೆ ಒಡತಿ ಓಡೋಡಿ ಬಂದಳು. ಕಾರ್ಖಾನೆಯ ಬಾಗಿಲ ಸಂದಿನಲ್ಲಿ ಯಾರೋ ಲಕೋಟೆ ತೂರಿಸಿ ಹೋಗಿದ್ದರು. ಹೊಸ ಬಟ್ಟಲಿಗಾಗಿ ಕಾಯುತ್ತಿದ್ದವರ ನಕ್ಷೆಗಳು, ಒಂದು ಗೆರೆಯೂ ತಪ್ಪಿಲ್ಲದೆ ಅಚ್ಚಾಗಿ ಬಂದಿದ್ದವು. ಮೂರನೆಯ ಹಾಳೆ ಹೆಡ್ ಕಾನ್‌ಸ್ಟೆಬಲ್‌ಳದ್ದು.

"ಅಯ್ಯೋ, ಸರ್, ನನ್ನ ಕಾಲು!" ಎಂದಳು ಆಕೆ, ಯೂನಿಫಾರ್ಮಿನಲ್ಲಿರುವುದನ್ನೇ ಮರೆತು.

ಇನ್‌ಸ್ಪೆಕ್ಟರ್ ಮೂಲ ಹಾಳೆಗಳನ್ನು ಜಪ್ತಿ ಮಾಡಿದರು. ನಂತರ ಜೆರಾಕ್ಸ್ ಮಾಡಿಸಿ ಒಡತಿಯ ಕೈಗಿಟ್ಟರು. "ಸಾಕ್ಷಿ ನಮಗಿರಲಿ, ನೀವು ಹೋಗಿ ಕಾಲು ಮಾಡಿ."

ಪ್ರತಿ ಹಾಳೆಯ ಅಡಿಯಲ್ಲಿ ಫೈಲು ಎಲ್ಲಿಂದ ಬಂತೆಂಬುದು ಸಣ್ಣ ಅಕ್ಷರದಲ್ಲಿತ್ತು. ಕಾರ್ಖಾನೆಯ ಕಂಪ್ಯೂಟರಿನಲ್ಲಿ ಇದ್ದದ್ದು ಸಿ ಮತ್ತು ಡಿ ಡ್ರೈವ್ ಮಾತ್ರ. ಇಲ್ಲಿ ಝೆಡ್ ಎಂದಿತ್ತು. ಇದೇನೆಂದು ಸೈಬರ್ ವಿಭಾಗಕ್ಕೆ ಬರೆದರು. ಉತ್ತರಕ್ಕೆ ವಾರ ಹಿಡಿಯಿತು. ಅಷ್ಟರಲ್ಲಿ ಆಕೆಯ ಹೊಸ ಬಟ್ಟಲು ತಯಾರಾಗಿ ಕೂತೂ ಆಯಿತು. ನೋವಿಲ್ಲದೆ ಮಾರುಕಟ್ಟೆಯ ಉದ್ದಕ್ಕೂ ಬೀಟ್ ಮುಗಿಸಿದ ದಿನ ಆಕೆ ಮನಸ್ಸಿನಲ್ಲೇ ಹರಸಿದಳು: ಯಾರಪ್ಪಾ ನೀನು ಪುಣ್ಯಾತ್ಮ, ನಿನ್ನ ಹೊಟ್ಟೆ ತಣ್ಣಗಿರಲಿ. ಆಮೇಲೆ ನೆನಪಾಯಿತು, ಆ ಪುಣ್ಯಾತ್ಮನನ್ನು ಹಿಡಿಯಬೇಕಾದವಳು ತಾನೇ.

ಸೈಬರ್ ವಿಭಾಗದ ಹುಡುಗಿ ಫೋನಿನಲ್ಲಿ ಬಿಡಿಸಿ ಹೇಳಿದಳು. "ಮೇಡಂ, ಇದನ್ನ ಲಿನಕ್ಸ್ ಇರೋ ಕಂಪ್ಯೂಟರಲ್ಲಿ ಓಡಿಸಿದ್ದಾರೆ. ಮಧ್ಯೆ ದುಭಾಷಿ ಥರ ಒಂದು ಸಾಫ್ಟ್‌ವೇರ್ ಕೂರುತ್ತೆ. ಪ್ರೋಗ್ರಾಂ ವಿಂಡೋಸ್ ಮಾತಲ್ಲಿ ಕೇಳಿದ್ದನ್ನ ಅದು ಲಿನಕ್ಸ್‌ಗೆ ತಿಳಿಸುತ್ತೆ. ಪಾಪ, ಪ್ರೋಗ್ರಾಂಗೆ ತನ್ನ ಮನೇಲೇ ಇದ್ದೀನಿ ಅನ್ನೋ ನಂಬಿಕೆ. ಅಲ್ಲಿನ ಡಿಸ್ಕೆಲ್ಲ ಅದಕ್ಕೆ ಝೆಡ್ ಅಂತ ಕಾಣುತ್ತೆ."

"ಸುಲಭದ ಕೆಲಸವಾ?"

"ಹಳೇ ಪ್ರೋಗ್ರಾಂ ಆದ್ರೆ ಒಂದು ಸರಿ ಮಾಡಿದ್ರೆ ಇನ್ನೊಂದು ಕೆಡುತ್ತೆ. ಮಾರೋಕೆ ಕದ್ದೋರು ಇಷ್ಟು ಒದ್ದಾಡಲ್ಲ."

ಫೋನಿಟ್ಟ ಹೆಡ್ ಕಾನ್‌ಸ್ಟೆಬಲ್ ಒಡತಿಯನ್ನು ಕರೆಸಿದಳು. "ಕಾಯ್ತಾ ಇದ್ದವರದ್ದೆಲ್ಲ ಬಂತಾ?"

ಒಡತಿ ಬೆರಳು ಮಡಚುತ್ತಾ ಹೋದಳು. ಟೈಲರಿನದು ಬಂದಿದೆ. ಲೆಕ್ಕದ ಮೇಷ್ಟ್ರದು ಬಂದಿದೆ. ಪೇಂಟರಿನದೂ ಬಂದಿದೆ. "ಲಿಫ್ಟಣ್ಣಂದು ಒಂದಿಲ್ಲ ನೋಡಿ."

ಲಿಫ್ಟಣ್ಣನೆಂದರೆ ಲಿಫ್ಟ್ ರಿಪೇರಿ ಮಾಡುವವನು, ಕಂಪ್ಯೂಟರ್ ಬಿಚ್ಚಿ ಕೂರಿಸುವ ಹುಚ್ಚಿನವನು. ಕೆಲಸದಲ್ಲೇ ಕಾಲು ಕಳೆದುಕೊಂಡಿದ್ದ. "ಜನರನ್ನ ಮೇಲಕ್ಕೆ ಕಳಿಸೋದೇ ನನ್ನ ಕಸುಬು, ಯಮನಿಗೂ ನನಗೂ ಪೈಪೋಟಿ" ಎಂದು ಕಾರ್ಖಾನೆಯ ಬೆಂಚಿನ ಮೇಲೆ ಕೂತು ಎಲ್ಲರನ್ನೂ ನಗಿಸುತ್ತಿದ್ದ.

ಕದ್ದದ್ದರಲ್ಲಿ ತನಗೆ ಪಾಲು ಬೇಡವೆಂದು ತನ್ನದನ್ನು ಬಿಟ್ಟಿದ್ದಾನೆ ಎಂದು ಹೆಡ್ ಕಾನ್‌ಸ್ಟೆಬಲ್‌ಗೆ ಹೊಳೆಯಿತು. ತಾನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಎದ್ದುಹೋಗಿ ಇನ್‌ಸ್ಪೆಕ್ಟರಿಗೆ ಹೇಳಿದಳು.

"ಕುಂಬಳಕಾಯಿ ಕಳ್ಳ ಅನ್ನೋಕೆ ಮುಂಚೇನೇ ಹೆಗಲು ಒರೆಸ್ಕೊಂಡಿದ್ದಾನಲ್ಲ" ಎಂದರು ಅವರು. "ಬೇರೆಯವರನ್ನ ಕಳಿಸ್ಲಾ?"

"ಬೇಡ ಸರ್. ನಾನೇ ಹೋಗ್ತೀನಿ."

ಗುರುವಾರ ಸಂಜೆ ನಾಲ್ಕಕ್ಕೆ ಆಕೆ ಮೂರನೆಯ ಮಹಡಿಯ ಮನೆಯೊಂದರ ಬಾಗಿಲು ತಟ್ಟಿದಳು. ಊರುಗೋಲಿನ ಮೇಲೆ ನಿಂತಿದ್ದ ಲಿಫ್ಟಣ್ಣ ಆಕೆಯ ಮುಖ ನೋಡುವ ಮೊದಲು ಕಾಲು ನೋಡಿದ.

"ಎಲ್ಲಾದ್ರೂ ಉಜ್ಜುತ್ತಾ ಅಕ್ಕಾ?"

"ಇಲ್ಲಣ್ಣ. ಹೂವಿನ ಹಾಗಿದೆ."

"ಬೇರೆ ಯಾರಾದ್ರೂ ಬರ್ತಾರೆ ಅಂದ್ಕೊಂಡಿದ್ದೆ."

"ಥ್ಯಾಂಕ್ಸ್ ಹೇಳೋಕೆ ಒಬ್ಬರು ಬರಬೇಕಿತ್ತು, ಹಿಡಿಯೋಕೆ ಒಬ್ಬರು. ಠಾಣೇಲಿ ಜನ ಕಡಿಮೆ. ಎರಡಕ್ಕೂ ನಾನೇ ಬಂದೆ." ಹೇಳುತ್ತಲೇ ಆಕೆಯ ಕಣ್ಣು ತುಂಬಿತು. "ಕೇಳಿ ತಗೋಬಾರದಿತ್ತಾ ಅಣ್ಣ?"

"ಎರಡು ಸಲ ಕೇಳ್ದೆ, ಕಾಯ್ತಿದ್ದವರೆಲ್ಲ ಕೇಳಿದ್ರು. ಅಪ್ಪನ ನೆನಪು, ಹೊರಗೆ ಕೊಡಲ್ಲ ಅಂದ್ರು. ಅವರದ್ದೇನೂ ತಪ್ಪಿಲ್ಲ ಬಿಡಿ." ಅವನು ಡಿಸ್ಕನ್ನು ಮೇಜಿನ ಮೇಲಿಟ್ಟ. "ಕಾಲು ಹೋದಾಗ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದೆ. ಅವರಪ್ಪ ವಾರವಾರ ಬಂದು, ಏನೂ ಹೇಳದೆ ಕೂತು ಹೋಗ್ತಿದ್ರು. ಕೊನೆಗೆ ನಾನೇ ಅಳತೆ ತಗೊಳ್ಳಿ ಅಂದೆ. ಅಂಥವರ ಕೆಲಸ ಮೂಲೆ ಸೇರೋದನ್ನ ನೋಡ್ಕೊಂಡಿರೋಕೆ ಆಗಲಿಲ್ಲ."

ಆಕೆ ಕೈಕೋಳ ತೆಗೆಯಲಿಲ್ಲ. ಮೆಟ್ಟಿಲಿಳಿಯಲು ಅವನಿಗೆ ಕೈ ಬೇಕಿತ್ತು. ಒಂದು ಕೈ ಊರುಗೋಲಿಗೆ, ಇನ್ನೊಂದು ಆಕೆಯ ಭುಜಕ್ಕೆ.

ಆರೂವರೆಗೆ ಹೇಳಿಕೆ ಬರೆಸಿ ಮುಗಿಯುವ ಹೊತ್ತಿಗೆ ಒಡತಿ ಬಂದಳು. ಬಾಯಿಗೆ ಬಂದಂತೆ ಬಯ್ಯುತ್ತಾಳೆಂದು ಎಲ್ಲರೂ ಕಾದರು. ಅವಳು ಲಿಫ್ಟಣ್ಣನನ್ನೇ ನೋಡುತ್ತಾ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, ಇನ್‌ಸ್ಪೆಕ್ಟರ್ ಕಡೆ ತಿರುಗಿದಳು.

"ಡಿಸ್ಕು ಸಾಕ್ಷಿ, ಈಗ ಕೊಡಲ್ಲ ಅಂತ ಗೊತ್ತು ಸರ್. ಇವರದೊಂದು ನಕ್ಷೆ ಮಾತ್ರ ತೆಗೆಯೋಕೆ ಬಿಡಿ. ಕೇಸು ನಡೆಯೋವಾಗ ನಮ್ಮಪ್ಪನ ಕಾಲಲ್ಲೇ ಇವರು ಕೋರ್ಟಿಗೆ ನಡ್ಕೊಂಡು ಬರಲಿ."