ಬೂಮ್ ಲಿಫ್ಟಿನ ಸಡಿಲ ಬಾಸ್ಕೆಟ್

2006ರ ಫೆಬ್ರವರಿ ಒಂಬತ್ತು, ಗುರುವಾರ. ಬೆಳಿಗ್ಗೆ ಠಾಣೆಗೆ ಬಂದ ಮುನಿಆಂಜನಪ್ಪ ದೂರು ಬರೆದುಕೊಡುವ ಮುಂಚೆ ಒಂದು ಭಾಷಣ ಮಾಡಿದರು. ದೊಡ್ಡನೆಕ್ಕುಂದಿಯಲ್ಲಿ ಅವರದೊಂದು ಯಾರ್ಡು. ಅಲ್ಲಿ ಬಾಡಿಗೆಗೆ ಬಿಡುವ ಒಂದು ಬೂಮ್ ಲಿಫ್ಟು. ಉದ್ದನೆಯ ಕಬ್ಬಿಣದ ತೋಳು, ತೋಳಿನ ತುದಿಗೆ ಆಳು ನಿಲ್ಲುವ ಬಾಸ್ಕೆಟ್ಟು. ಅದನ್ನು ಎಡಬಲಕ್ಕೆ ತಿರುಗಿಸಿ ಹಿಡಿದು ನಿಲ್ಲಿಸಲು ಎಣ್ಣೆಯ ಒತ್ತಡದಿಂದ ನಡೆಯುವ ರೋಟೇಟರು. ಆ ರೋಟೇಟರು ಒಂದೇ ತಿಂಗಳಲ್ಲಿ ಮೂರನೇ ಸಲ ಬಲ ಕಳೆದುಕೊಂಡಿತ್ತು.

"ಯಾರೋ ಬೇಕೂಂತ ಮಾಡ್ತಿದ್ದಾರೆ ಸಾರ್. ಗಾಜಿನ ಬಿಲ್ಡಿಂಗ್ ಕೆಲಸ ನಿಂತೋಗಿದೆ. ನಾನು ತೆಗೆದುಹಾಕಿದ ಆಪರೇಟರ್ ಈರೇಶ ಇದಾನಲ್ಲ, ಅವನೇ. ಬೇರೆ ಯಾರೂ ಅಲ್ಲ."

ಇನ್ಸ್‌ಪೆಕ್ಟರ್ ಸಂಜೀವಪ್ಪ ಜೀವಕ್ಕೆ ಅಪಾಯ, ಸ್ವತ್ತಿಗೆ ಹಾನಿ ಎಂದು ಕಲಂ 336 ಮತ್ತು 427ರಡಿ ಎಫ್‌ಐಆರ್ ದಾಖಲಿಸಿದರು. ದೂರುದಾರರು ಹೊರಗೆ ಹೋದದ್ದೇ ಕಾನ್‌ಸ್ಟೇಬಲ್ ಅಹ್ಮದ್ ಪಾಷಾ ಹೊಟ್ಟೆ ಮುಂದೆ ಮಾಡಿ ಅವರದೇ ದನಿ ತೆಗೆದ: "ತಿರುಗೋ ಮಷಿನ್ನೇ ನನಗೆ ತಿರುಗಿಬಿದ್ದಿದೆ ಸಾರ್."

"ಜೀಪ್ ತೆಗಿ," ಅಂದರು ಸಂಜೀವಪ್ಪ. ನಗು ತಡೆದುಕೊಂಡದ್ದು ಮೀಸೆಯಲ್ಲಿ ಕಾಣುತ್ತಿತ್ತು.

ಈರೇಶ ಕಮ್ಮನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಸಿಕ್ಕಿದ. ಸಂಕ್ರಾಂತಿಗೂ ಮುಂಚೆ ಬೈಕಿನಿಂದ ಬಿದ್ದು, ಎಡಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ.

"ಲಿಫ್ಟ್ ಹತ್ರ ಹೋಗಿದ್ಯಾ?"

"ಬಚ್ಚಲಿಗೆ ಹೋಗೋದೇ ನನಗೊಂದು ದೊಡ್ಡ ಕೇಸು ಸಾರ್. ಲಿಫ್ಟ್ ಹತ್ರ ಎಲ್ಲಿಂದ ಹೋಗ್ಲಿ?"

ಮಧ್ಯಾಹ್ನ ಯಾರ್ಡಿನಲ್ಲಿ ಪಂಚನಾಮೆ. ಲಿಫ್ಟನ್ನು ಯಾವಾಗಲೂ ರಿಪೇರಿ ಮಾಡುತ್ತಿದ್ದ ಶಿವಾಜಿನಗರದ ಮೆಕ್ಯಾನಿಕ್ ನಯಾಜ್‌ನನ್ನು ಕರೆಸಿದ್ದರು. ಈಗಿನ ಆಪರೇಟರ್ ಭೀಮಾಶಂಕರ ಒಂದು ಪಕ್ಕ ನಿಂತಿದ್ದ. ಯಾದಗಿರಿ ಕಡೆಯವನು, ಯಾರ್ಡಿನ ಮೂಲೆಯ ತಗಡಿನ ಖೋಲಿಯಲ್ಲಿ ಅವನೂ ಹೆಂಡತಿ ಮಾನಮ್ಮನೂ ಇದ್ದರು. ಪಂಚರಿಗೆಲ್ಲ ಚಹಾ ತಂದುಕೊಟ್ಟವಳು ಅವಳೇ.

ನಯಾಜ್ ಬಾಸ್ಕೆಟ್ಟನ್ನು ಒಂದೇ ಕೈಯಲ್ಲಿ ನೂಕಿದ. ಬಾಗಿಲಿನಂತೆ ಸರಿಯಿತು. ರೋಟೇಟರಿಗೆ ಬರುವ ಎರಡೂ ಪೈಪು ಬಿಚ್ಚಿ, ಅದರ ಬಾಯಿಗಳಿಗೆ ಮುಚ್ಚಳ ಬಿಗಿದು, ಈಗ ನೂಕು ಎಂದು ಪಾಷಾನಿಗೆ ಹೇಳಿದ. ಪಾಷಾ ಹೆಗಲು ಕೊಟ್ಟರೂ ಅದು ಅಲುಗಲಿಲ್ಲ.

"ಒಳಗೆ ಸೀಲ್ ಹೋಗಿದ್ರೆ ಈಗ್ಲೂ ಸರೀತಿತ್ತು ಸಾಬ್. ರೋಟೇಟರ್ ಚೆನ್ನಾಗೈತೆ. ಎಣ್ಣೆ ತಡೆದು ಹಿಡಿಯೋ ವಾಲ್ವಲ್ಲೇ ಲಫಡಾ." ಬಾಸ್ಕೆಟ್ಟಿನ ಅಡಿಗೆ ನುಸುಳಿ ಟಾರ್ಚ್ ಬಿಟ್ಟ. "ಮೊದಲನೇ ಸಲ ಅದಾಗಿ ಅದೇ ಅದುರಿ ಸಡಿಲ ಆಯ್ತು ಅಂದ್ಕೊಂಡಿದ್ದೆ. ಎರಡನೇ ಸಲ ಡೌಟ್ ಬಂದು, ವಾಲ್ವಿನ ತಿರುಪು ಬಿಗಿಯೋ ನಟ್ ಮೇಲೆ ಪೇಂಟ್ ಹಚ್ಚಿ ಹೋಗಿದ್ದೆ. ನೋಡಿ, ಒಡೆದೈತೆ. ಯಾರೋ ಕೈ ಹಾಕಿದಾರೆ."

"ತಿರುಪು ಹೊರಗೆ ತಿರುಗಿಸಿ ಸಡಿಲ ಮಾಡಿದಾರಾ?"

"ಅಲ್ಲೇ ಇರೋದು ಮಜಾ. ಈ ತಿರುಪು ಉಲ್ಟಾ. ಒಳಗೆ ತಿರುಗಿಸಿದ್ರೆ ಹಿಡಿತ ಹೋಗುತ್ತೆ, ಹೊರಗೆ ತಿರುಗಿಸಿದ್ರೆ ಬಿಗಿ. ಗೊತ್ತಿಲ್ದೋನು ಕೆಡಿಸೋಕೆ ಹೋದ್ರೆ ಹೊರಗೇ ತಿರುಗಿಸ್ತಾನೆ. ಇದು ಪೂರಾ ಒಳಗೈತೆ."

"ಈ ಯಾರ್ಡಲ್ಲಿ ಅದು ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ನಾನು ಕೆಲಸ ಮಾಡ್ತಾ ಒಬ್ಬನೇ ವಟವಟ ಅಂತಿರ್ತೀನಿ, ಒಳಗೆ ಹಾಕಿದ್ರೆ ಲೂಸು, ಹೊರಗೆ ತೆಗೆದ್ರೆ ಟೈಟು ಅಂತ. ಆದ್ರೆ ರಿಪೇರಿ ಟೈಮಲ್ಲಿ ಇಲ್ಲಿ ಯಾರೂ ಇರ್ಲಿಲ್ಲ."

"ಅಡಿಯಲ್ಲಿ ಕತ್ತಲು. ನಿನ್ನ ಎರಡು ಕೈಯಲ್ಲೂ ಸ್ಪ್ಯಾನರ್. ಟಾರ್ಚ್ ಯಾರು ಹಿಡಿದಿದ್ರು?"

"ಅದಾ? ಹೋದ ವರ್ಷದ ಸರ್ವಿಸಿಂದ್ಲೂ ಮಾನಮ್ಮನೇ ಹಿಡೀತಾಳೆ." ಹೇಳಿದ ಮೇಲೆ ನಯಾಜನ ಬಾಯಿ ಹಾಗೇ ತೆರೆದುಕೊಂಡಿತು.

ಮಹಿಳಾ ಕಾನ್‌ಸ್ಟೇಬಲ್ ಯಮುನಾ ಬಂದ ಮೇಲೆ ಖೋಲಿಯೊಳಗೆ ವಿಚಾರಣೆ ನಡೆಯಿತು. ಅಕ್ಕಿ ಡಬ್ಬದ ಹಿಂದಿನಿಂದ ಒಂದು ಸಣ್ಣ ಸ್ಪ್ಯಾನರೂ ತಿರುಪು ತಿರುಗಿಸುವ ಅಲೆನ್ ಕೀಯೂ ಸಿಕ್ಕವು.

"ನೀನೇನಮ್ಮ?"

"ಹೌದ್ರೀ."

"ಯಾಕೆ?"

ಗಂಡ ದೂರದಲ್ಲಿದ್ದಾನೆಂದು ಖಾತ್ರಿ ಮಾಡಿಕೊಂಡು ಮಾನಮ್ಮ ದನಿ ತಗ್ಗಿಸಿದಳು. "ಅಂವಗ ಫಿಟ್ಸ್ ಬರ್ತಾವ್ರೀ. ರಾತ್ರಿ ಬಂದ್ರ ಮರುದಿನ ಪೂರಾ ತಲಿ ಮಂಕು. ಅಂಥಾದ್ರಾಗ ನಾಕನೇ ಮಾಳಿಗಿ ಮಟ ಏರ್ತಾನ. ಮಾಲಕರಿಗೆ ಹೇಳಿದ್ರ ಕೆಲಸಾನೂ ಹೋಕ್ಕದ, ಈ ಖೋಲಿನೂ ಹೋಕ್ಕದ. ಅದಕ್ಕ ಫಿಟ್ಸ್ ಬಂದ ಮುಂಜಾನಿ ನಾ ಮೊದ್ಲೆದ್ದು ತಿರುವಿ ಬರ್ತಿದ್ನಿ. ಏರೋಕಿಂತ ಮೊದ್ಲ ಅಂವ ನೆಲದ ಮ್ಯಾಲೇ ನೂಕಿ ನೋಡ್ತಾನ್ರೀ. ಸಡಿಲ ಇದ್ರ ಏರಂಗಿಲ್ಲ."

"ಒಂದಿನ ನೋಡ್ದೆ ಹತ್ತಿದ್ರೆ?"

"ನೋಡೋ ತನಕ ನಾ ಬಾಗಿಲದಾಗ ನಿಂತಿರ್ತಿದ್ನಿರೀ."

ಹೊರಗೆ ನಯಾಜ್ ತಿರುಪನ್ನು ಹೊರಕ್ಕೆ ತಂದು, ನಟ್ ಬಿಗಿದು, ಪೈಪು ಜೋಡಿಸಿ, ಒಳಗೆ ಸೇರಿದ್ದ ಗಾಳಿ ಹೋಗುವವರೆಗೆ ಬಾಸ್ಕೆಟ್ಟನ್ನು ಅತ್ತಿತ್ತ ತಿರುಗಿಸಿದ. ಅದೀಗ ನಿಲ್ಲಿಸಿದ ಕಡೆ ನಿಲ್ಲುತ್ತಿತ್ತು.

ಯಮುನಾ ಮಾನಮ್ಮನನ್ನು ಜೀಪಿನಲ್ಲಿ ಕೂರಿಸಿದಳು. ಸಂಜೀವಪ್ಪ ಮಾಲೀಕರನ್ನು ಜೀಪಿನ ಬಳಿಯೇ ನಿಲ್ಲಿಸಿಕೊಂಡರು.

"ಭೀಮಾಶಂಕರನಿಗೆ ಫಿಟ್ಸ್ ಇದೆ. ಅವನನ್ನ ಮೇಲೆ ಕಳಿಸ್ಬೇಡಿ."

ಮುನಿಆಂಜನಪ್ಪ ಗದ್ದ ಕೆರೆದುಕೊಂಡರು. "ಗೊತ್ತಿರೋದೇ ಸಾರ್. ದೀಪಾವಳಿ ಟೈಮಲ್ಲೇ ನೋಡಿದೀನಿ, ಇಲ್ಲೇ ಬಿದ್ದು ಒದ್ದಾಡ್ತಿದ್ದ. ಬೇರೆ ಯಾರೂ ಕೆಲಸ ಕೊಡಲ್ಲ ಅಂತ ಅವನಿಗೂ ಗೊತ್ತು. ಅದಕ್ಕೇ ರಜ ಕೇಳಲ್ಲ, ಸಂಬಳ ಏರಿಸಿ ಅನ್ನಲ್ಲ. ಅಂಥ ಆಳು ಎಲ್ಲಿ ಸಿಗ್ತಾನೆ ಹೇಳಿ?"

"ಕಾರ್ಮಿಕ ಇಲಾಖೆಗೆ ಬರೀತೀನಿ."

"ಬರೀರಿ ಸಾರ್. ಅವರು ಬರೋ ಹೊತ್ತಿಗೆ ಬಿಲ್ಡಿಂಗ್ ಗೃಹಪ್ರವೇಶ ಆಗಿರುತ್ತೆ."

ಜೀಪಿನೊಳಗಿಂದ ಮಾನಮ್ಮ ಯಮುನಾಳನ್ನು ಕೇಳಿದಳು: "ಮಾಲಕರಿಗೆ ಗೊತ್ತಿತ್ತೇನ್ರೀ? ಹಂಗಾದ್ರ ನಾ ಯಾರಿಂದ ಮುಚ್ಚಿಟ್ಟೆ?"

ಸಂಜೆ ಐದೂವರೆಗೆ ಬಂಧನ. ದ್ವೇಷವಿಲ್ಲ, ಲಾಭವಿಲ್ಲ, ಗಂಡನನ್ನು ನೆಲದ ಮೇಲೆ ಉಳಿಸಿಕೊಳ್ಳಲು ಮಾಡಿದ ಕೃತ್ಯ ಎಂದು ಸಂಜೀವಪ್ಪ ಬರೆದರು. ಜಾಮೀನಿಗೆ ಯಾರಾದರೂ ನಿಲ್ಲಬೇಕು ಎಂದು ಭೀಮಾಶಂಕರನಿಗೆ ಹೇಳಿದರು. ಈ ಊರಿನಲ್ಲಿ ಅವನಿಗೆ ಗೊತ್ತಿದ್ದ ದೊಡ್ಡವರು ಮುನಿಆಂಜನಪ್ಪ ಒಬ್ಬರೇ.

ಭೀಮಾಶಂಕರ ಜೀಪಿನ ಕಂಬಿ ಹಿಡಿದು ಮಾನಮ್ಮನ ಎದುರು ನಿಂತ. "ನನಗ ಒಂದ್ ಮಾತು ಹೇಳಬೇಕಿತ್ತು."

"ಹೇಳಿದ್ರ ಏರೋದು ಬಿಡ್ತಿದ್ದೇನು?"

ಅಷ್ಟರಲ್ಲಿ ಯಾರ್ಡಿನೊಳಗಿಂದ ಮುನಿಆಂಜನಪ್ಪನವರ ಕೂಗು ಬಂತು: "ಶಂಕ್ರಾ, ಮಷಿನ್ ರೆಡಿ ಆಯ್ತು, ಬಾರೋ."

ಭೀಮಾಶಂಕರ ಕಂಬಿ ಬಿಟ್ಟು ಒಳಗೆ ನಡೆದ.