ಕಾರ್ಡಿನಲ್ಲಿಲ್ಲದ ಮುಖ

ಜೆರೇನಿಯಂ ಕುಂಡವನ್ನು ಎದೆಗವಚಿಕೊಂಡು ಕಾಮ್ಯಾರ್ ಗೌರವದಿಂದ ಕೇಳಿದ, "ಎಷ್ಟಾಯ್ತು ಖಾನುಮ್?"

ಗಿಡದಂಗಡಿಯ ಹುಡುಗಿ ನೀರಿನ ಕ್ಯಾನ್ ಕೆಳಗಿಟ್ಟು ನಕ್ಕಳು. "ಅಯ್ಯೋ, ನಿಮ್ಮ ಹತ್ರ ದುಡ್ಡು ತಗೊಳ್ಳೋದಾ? ನಿಮ್ದೇ ಅಂಗಡಿ, ತಗೊಂಡು ಹೋಗಿ."

"ತುಂಬಾ ಥ್ಯಾಂಕ್ಸ್" ಎಂದವನೇ ಕುಂಡದ ಸಮೇತ ಹೊರಟೇಬಿಟ್ಟ. ತಿರುಗಿ ನೋಡಿದರೆ ಅವಳು ಬಾಯಿ ತೆರೆದುಕೊಂಡು ನಿಂತಿದ್ದಳು. ಪಾಪ, ತುಂಬಾ ಖುಷಿಯಾಗಿರಬೇಕು ಅಂದುಕೊಂಡ.

ಇರಾನಿನ ಈ ಶಿರಾಜಿನಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಇದು ಗೊತ್ತು. ಅಂಗಡಿಯವರು ಬೇಡ ಎನ್ನಬೇಕು, ಕೊಳ್ಳುವವರು ಛೇ ಛೇ ತಗೊಳ್ಳಿ ಎನ್ನಬೇಕು, ಮೂರನೇ ಸಲಕ್ಕೆ ದುಡ್ಡು ಕೈ ಬದಲಾಗಬೇಕು. ಕಾಮ್ಯಾರನಿಗೂ ಒಂದು ಕಾಲದಲ್ಲಿ ಇದೆಲ್ಲ ನೀರು ಕುಡಿದಷ್ಟು ಸಲೀಸಾಗಿತ್ತು.

ರಸ್ತೆಯಾಚೆಯ ಚಿಕಿತ್ಸಾ ಕೇಂದ್ರದಲ್ಲಿ ಅವನಿಗೆ ತರಬೇತಿ ಕೊಡುವ ಸೆಪೆಹ್ರಿ ಖಾನುಮ್ ಹಣೆ ಹಣೆ ಚಚ್ಚಿಕೊಂಡರು. "ಒಬ್ಬನೇ ಹೋಗಿ ಏನಾದ್ರೂ ಕೊಂಡ್ಕೊಂಡು ಬಾ ಅಂದ್ರೆ, ಎತ್ಕೊಂಡು ಬಂದಿದೀಯಲ್ಲಪ್ಪಾ! ಅದು ಉಪಚಾರಕ್ಕೆ ಆಡಿದ ಮಾತು."

ಅವನ ಕಿವಿ ಕೆಂಪಾಯಿತು. ಬಂದರಿನ ದಾರಿಯಲ್ಲಿ ಲಾರಿ ಓಡಿಸುತ್ತಿದ್ದಾಗ ನಿದ್ದೆ ಬಾರದಿರಲೆಂದು ಸೇದಲು ಶುರು ಮಾಡಿದ್ದು, ಗಾಜಿನ ಹರಳಿನಂಥ ಆ ಮಾದಕ ವಿಷ. ವರ್ಷಗಟ್ಟಲೆ ಸೇದಿದ. ಕಷ್ಟಪಟ್ಟು ಬಿಟ್ಟ. ಆದರೆ ಅದು ಹೋಗುವಾಗ ತಲೆಯೊಳಗಿನ ಅರ್ಧ ಸಾಮಾನು ಹೊತ್ತುಕೊಂಡು ಹೋಗಿತ್ತು. ಒಲೆಯ ಮೇಲಿಟ್ಟ ಚಹಾ ಮರೆಯುತ್ತದೆ, ಹೆಸರು ನಾಲಗೆಯ ತುದಿಯಿಂದ ಜಾರುತ್ತದೆ. ಎಲ್ಲಕ್ಕಿಂತ ಹಿಂಸೆಯೆಂದರೆ, ಎದುರಿಗಿರುವವರ ಮನಸ್ಸಿನಲ್ಲೇನಿದೆ ಎಂದು ಗೊತ್ತೇ ಆಗುವುದಿಲ್ಲ.

ಇದಕ್ಕೆ ಮಾತ್ರೆಯಿಲ್ಲ ಎಂದಿದ್ದರು ಡಾಕ್ಟರು. ಹಾಗಾಗಿ ಬೆಳಿಗ್ಗೆ ಬೆವರಿಳಿಯುವಂತೆ ಓಟ, ಆಮೇಲೆ ಹೇಳಿದ ಅಂಕಿಗಳನ್ನು ಹಿಂದುಮುಂದಾಗಿ ಒಪ್ಪಿಸುವುದು, ಚೆಂಡು ಹಿಡಿಯುತ್ತ ಹಣ್ಣುಗಳ ಹೆಸರು ಹೇಳುವುದು. ಕೊನೆಗೆ ಮುಖಗಳ ಕಾರ್ಡು. ಇದು ಕೋಪ, ಇದು ಭಯ, ಇದು ಸಂತೋಷ. ಅವನು ಭಯವನ್ನು ಕೋಪ ಎನ್ನುತ್ತಿದ್ದ.

ಮರುದಿನ ದುಡ್ಡು ಹಿಡಿದು ಅಂಗಡಿಗೆ ಹೋದ. "ಬೇಡ ಬಿಡಿ" ಎಂದಳು ಹುಡುಗಿ.

"ನಿಜವಾಗ್ಲೂ ಬೇಡ್ವಾ? ದಯವಿಟ್ಟು ನೇರವಾಗಿ ಹೇಳಿ. ನನ್ನ ತಲೆ ಸರಿ ಇಲ್ಲ." ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿಬಿಟ್ಟ. ಅವಳು ಓಡಿಸುತ್ತಾಳೆ ಎಂದೇ ಎಣಿಸಿದ್ದ.

ಅವಳು ಕೈ ಚಾಚಿದಳು. "ಹಾಗಾದ್ರೆ ಕೊಡಿ. ಇನ್ನು ನಿಮ್ಮ ಹತ್ರ ಉಪಚಾರದ ಮಾತು ಇಲ್ಲ. ನಾನು ಫರೀಮಾ. ಚಹಾ ಕುಡೀತೀರಾ?"

"ನಿಜವಾಗ್ಲೂ ಕೇಳ್ತಿದೀರಾ?"

"ನಿಜವಾಗ್ಲೂ. ಸಕ್ಕರೆ ಮಾತ್ರ ಮುಗಿದಿದೆ."

ಅಲ್ಲಿಂದ ದಿನವೂ ಕೇಂದ್ರ ಮುಗಿಸಿ ಅಲ್ಲಿಗೇ. ನೀವು ಹೋಗಿ ನೀನು ಬಂತು. ಊರೆಲ್ಲ ಸುತ್ತಿ ಬಳಸಿ ಮಾತಾಡಿ ಅವನನ್ನು ಸುಸ್ತು ಮಾಡುತ್ತಿತ್ತು. ಇವಳೊಬ್ಬಳು, "ಈ ಶರ್ಟು ಹಾಕ್ಕೊಂಡು ಹೊರಗೆ ಬರ್ಬೇಡ" ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದಳು. ಅವನಿಗೆ ಅದು ಹಾಯೆನಿಸುತ್ತಿತ್ತು. ಎಲೆಗಳ ಸಂದಿಯಿಂದ ಹುಬ್ಬು ಗಂಟಿಕ್ಕಿ ಇಣುಕುತ್ತಿದ್ದಳು.

"ಇದೇನು ಹೇಳು?"

"ಕೋಪ."

"ಅಲ್ಲ ಮಹರಾಯಾ, ಹಲ್ಲುನೋವು!"

ನಗುವಾಗ ಅವಳ ತಲೆವಸ್ತ್ರ ಹಿಂದಕ್ಕೆ ಜಾರುತ್ತಿತ್ತು, ಕಿವಿಯ ಪಕ್ಕದ ಒಂದು ಗುಂಗುರು ಹೊರಬರುತ್ತಿತ್ತು. ಅವನಿಗೆ ಅವತ್ತಿನ ಅಂಕಿಗಳೆಲ್ಲ ಮರೆತುಹೋಗುತ್ತಿದ್ದವು.

ಹುಳಿ ಕಿತ್ತಳೆ ಮರಗಳು ಹೂಬಿಟ್ಟು ಬೀದಿಯೆಲ್ಲ ಘಮ್ಮೆನ್ನುತ್ತಿದ್ದ ಒಂದು ಸಂಜೆ ಅವನು ಕೇಳಿಯೇಬಿಟ್ಟ. "ಫರೀಮಾ, ನನ್ನ ಮದ್ವೆ ಆಗ್ತೀಯಾ?"

ಕುಂಡದಲ್ಲಿ ನೀರು ತುಂಬಿ ಅವಳ ಚಪ್ಪಲಿಯ ಮೇಲೆ ಹರಿಯಿತು. "ನನಗೆಲ್ಲಿ ಆ ಯೋಗ್ಯತೆ? ನಿಮಗೆ ನನಗಿಂತ ಒಳ್ಳೆಯವಳು ಸಿಗ್ತಾಳೆ."

ಕಾಮ್ಯಾರ್ "ಸರಿ" ಎಂದು ಎದ್ದು ಹೋದ.

ಆಮೇಲೆ ಅಂಗಡಿಯ ಕಡೆ ಸುಳಿಯಲಿಲ್ಲ. ಆದರೆ ತಲೆಯೊಳಗೆ ಗೊಂದಲವೋ ಗೊಂದಲ. ಮಾತು ಬೇಡ ಎಂದಿತ್ತು, ಮುಖ ಬೇರೇನೋ ಹೇಳಿತ್ತು. ಅಥವಾ ಹಾಗೆಂದು ತನ್ನ ಆಸೆ ಹೇಳುತ್ತಿದೆಯೋ? ಇಷ್ಟು ದಿನದ ಚಹಾ, ನಗು ಎಲ್ಲ ಬರೀ ಕನಿಕರವೋ? ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಹುಡುಕಿದ.

"ಏನು ಹುಡುಕ್ತಿದೀಯಾ?" ಸೆಪೆಹ್ರಿ ಖಾನುಮ್ ಕೇಳಿದರು.

"ಹುಬ್ಬು ಮೇಲೆ ಹೋಗಿರತ್ತೆ. ಕಣ್ಣು ಒದ್ದೆ. ತುಟಿ ನಗ್ತಿರತ್ತೆ, ನಡುಗ್ತಾನೂ ಇರತ್ತೆ. ಅದು ಯಾವ ಕಾರ್ಡು?"

ಅವರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ಅಂಥ ಕಾರ್ಡು ಇಲ್ಲಪ್ಪಾ. ಎರಡು ಮೂರು ಒಟ್ಟಿಗೇ ಬಂದಿದ್ರೆ ನನಗೂ ತಿಳಿಯಲ್ಲ. ಫೋಟೋನ ಕೇಳಕ್ಕಾಗಲ್ಲ, ಆದ್ರೆ ಅವಳನ್ನ ಕೇಳ್ಬಹುದಲ್ಲ?"

ಕಾರ್ಡುಗಳನ್ನು ಹಾಗೇ ಬಿಟ್ಟು ರಸ್ತೆ ದಾಟಿದ.

ಫರೀಮಾ ಸೊಂಟದ ಮೇಲೆ ಕೈಯಿಟ್ಟು ಎದುರಾದಳು. "ಈಗ ನನ್ನ ಮುಖದಲ್ಲಿ ಏನಿದೆ ಹೇಳು!"

"ಕೋಪ?"

"ಅಬ್ಬಾ, ಇವತ್ತಾದ್ರೂ ಸರಿಯಾಗಿ ಹೇಳ್ದೆ! ಒಂದು ಸಲ ಕೇಳಿ 'ಸರಿ' ಅಂತ ಎದ್ದು ಹೋಗೋದಾ? ಇನ್ನೆರಡು ಸಲ ಕೇಳಿದ್ರೆ ಗಂಟು ಹೋಗ್ತಿತ್ತಾ?"

"ಉಪಚಾರದ ಮಾತು ಇಲ್ಲ ಅಂದವಳು ನೀನೇ ಅಲ್ವಾ?"

ಅವಳ ಜೋರೆಲ್ಲ ಇಳಿಯಿತು. "ಹೌದು. ತಪ್ಪು ನಂದೇ. ಗಾಬರಿಯಾಯ್ತು, ಬಾಯಿಗೆ ಹಳೇ ಅಭ್ಯಾಸದ ಮಾತೇ ಬಂತು. ಆಮೇಲೆ ದಿನಾ ಬಾಗಿಲನ್ನೇ ನೋಡ್ತಾ ಕೂತಿದ್ದೆ."

"ನಾನು ಪೂರ್ತಿ ಗುಣ ಆಗ್ತೀನೋ ಇಲ್ವೋ, ಕೇಂದ್ರದಲ್ಲಿ ಯಾರಿಗೂ ಗೊತ್ತಿಲ್ಲ ಫರೀಮಾ. ಸ್ವಲ್ಪ ವಾಪಸ್ ಬಂದಿದೆ. ಉಳಿದದ್ದು ಬರದೇನೂ ಇರ್ಬಹುದು. ನಾಳೆ ಒಲೆ ಆರಿಸೋದು ಮರೀತೀನಿ, ನೀನು ಅತ್ತರೂ ಯಾಕೆ ಅಂತ ಗೊತ್ತಾಗಲ್ಲ. ಅಯ್ಯೋ ಪಾಪ ಅಂತ ಒಪ್ಕೋಬೇಡ."

"ಒಲೆ ನಮ್ಮಪ್ಪನೂ ಮರೀತಾರೆ. ಅತ್ತರೆ ಯಾಕೆ ಅಂತ ನಾನೇ ಹೇಳ್ತೀನಿ." ತಲೆವಸ್ತ್ರದ ತುದಿಯಿಂದ ಮೂಗೊರೆಸಿಕೊಂಡಳು. "ಪಾಪ ಅನ್ಸಿದ್ರೆ ಒಂದು ಕುಂಡ ಕೊಟ್ಟು ಕಳಿಸ್ತಿದ್ದೆ ಕಣೋ, ನನ್ನನ್ನ ಕೊಡ್ತಿರಲಿಲ್ಲ."

"ಹಾಗಾದ್ರೆ ಎರಡನೇ ಸಲ ಕೇಳ್ತಿದೀನಿ. ಮದ್ವೆ ಆಗ್ತೀಯಾ?"

"ಆಗ್ತೀನಿ. ಉಪಚಾರಕ್ಕಲ್ಲ, ನಿಜವಾಗ್ಲೂ."

ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಆ ಮುಖ ಕಾಮ್ಯಾರನಿಗೆ ಈಗಲೂ ಪೂರ್ತಿ ಅರ್ಥವಾಗಲಿಲ್ಲ. ಮಾತು ಮಾತ್ರ ಒಂದೊಂದು ಅಕ್ಷರವೂ ಅರ್ಥವಾಗಿತ್ತು. ಆದರೂ ಮೂರನೇ ಸಲ ಕೇಳಿದ, ಆ ಉತ್ತರವನ್ನು ಇನ್ನೊಮ್ಮೆ ಕೇಳುವ ಆಸೆಗೆ.