ಕುಲುಕುಪತ್ತೆ ಯಂತ್ರ

ಗೋಡೆಯಗಲದ ಪರದೆಯ ಮೇಲೆ ನಲವತ್ತು ಹಸಿರು ಚುಕ್ಕೆಗಳು ತೆವಳುತ್ತಿದ್ದವು. ಒಂದೊಂದು ಚುಕ್ಕೆಯೂ ಒಂದೊಂದು ಟ್ರೇಲರ್. ಹುಬ್ಬಳ್ಳಿಯಿಂದ ಬಂದರಿಗೆ ಸರಕು ಸಾಗಿಸುವ ಗುರುಪಾದಪ್ಪನ ಸಂಸ್ಥೆಗೆ ವಿಜ್ಞಾನಿ ಡಾ. ಶ್ರೀವತ್ಸರು ಮಾಡಿಕೊಟ್ಟ ಕುಲುಕುಪತ್ತೆ ಯಂತ್ರದ ಮಹಿಮೆ ಇದು. ಘಟ್ಟದ ಕಾಡಿನಲ್ಲಿ ಉಪಗ್ರಹದ ಸಂಕೇತ ಸಿಗದು. ರಸ್ತೆಯ ಗುಂಡಿಗಳು ಮಾತ್ರ ಎಲ್ಲಿಗೂ ಹೋಗುವುದಿಲ್ಲವಲ್ಲ! ಯಾವ ಗುಂಡಿಯಲ್ಲಿ ಗಾಡಿ ಎಷ್ಟು ಕುಲುಕುತ್ತದೆ ಎಂಬುದನ್ನು ಯಂತ್ರ ಬಾಯಿಪಾಠ ಮಾಡಿಕೊಂಡಿತ್ತು. ಕುಲುಕಿದಂತೆಲ್ಲ ಚುಕ್ಕೆ ಮುಂದೆ ಸರಿಯುತ್ತಿತ್ತು. ಗುಂಡಿ ಎಂದರೆ ಮುಚ್ಚಬೇಕಾದದ್ದು ಎಂಬ ಸಣ್ಣ ಸಂಗತಿ ಶ್ರೀವತ್ಸರ ಅಷ್ಟು ದೊಡ್ಡ ತಲೆಗೆ ಹೊಳೆದಿರಲೇ ಇಲ್ಲ.

ಒಂದು ಬೆಳಿಗ್ಗೆ ಹದಿನೇಳನೆಯ ಚುಕ್ಕೆ ಆರಿಹೋಯಿತು. 'ಈ ಗಾಡಿ ರಸ್ತೆಯ ಮೇಲಿಲ್ಲ' ಎಂದು ಪರದೆ ಬರೆಯಿತು. ಗುರುಪಾದಪ್ಪ ಅದರ ಚಾಲಕ ಫಕ್ಕೀರಪ್ಪನನ್ನು ಕರೆಸಿದ. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ.

"ಟ್ರೇಲರ್ ಯಾರಿಗೆ ಮಾರಿದ್ಯೋ? ಖರೆ ಹೇಳು, ಇಲ್ಲಾಂದ್ರ ಇವತ್ತೇ ಕೆಲಸ ಬಿಟ್ಟು ನಡಿ."

"ಮಾರೂದು ಎಲ್ಲೀದ್ರೀ ಯಜಮಾನ್ರ? ಕಿಟಕಿ ತಗದು ನೋಡ್ರಿ. ಅಂಗಳದಾಗ ನಿಂತೈತಿ."

ಪರದೆಯ ಮುಂದೆ ಕೂತಿದ್ದ ಶ್ರೀವತ್ಸರು ಕಿಟಕಿಯತ್ತ ತಿರುಗಲೂ ಇಲ್ಲ. "ಕಣ್ಣಿಗೆ ಕಂಡದ್ದೆಲ್ಲ ಪುರಾವೆಯಲ್ಲಪ್ಪ. ನೀನು ಬೇರೆ ದಾರಿ ಹಿಡಿದಿದ್ದೆ. ಯಂತ್ರ ಸುಳ್ಳಾಡುವುದಿಲ್ಲ."

"ಅದೇ ದಾರೀರಿ ಸಾಹೇಬ್ರ. ನಮ್ಮ ದಾವಲಸಾಬನ ಗಾಡಿ ಗುಂಡಿಗೆ ಬಿದ್ದು ಅವನ ನಡಾ ಮುರೀತಲ್ಲ, ಅವತ್ತಿಂದ ನಾವು ಡ್ರೈವರ್‌ಗಳು ಒಂದು ಕಟ್ಟಳೆ ಮಾಡ್ಕೊಂಡೀವಿ. ಚಾ ಕುಡಿಯಾಕ ನಿಂತಾಗೆಲ್ಲ ಗುಂಡಿಗೆ ಒಂದೊಂದು ಬುಟ್ಟಿ ಖಡಿಕಲ್ಲು ಹಾಕೂದು. ನಿನ್ನೆ ಉಳಿದ ನಾಕೂ ಗುಂಡಿ ಮುಚ್ಚಿದ್ವಿ. ಮೊದಲ ದಾಟಿ ಬಂದಾಂವ ನಾನ. ನೀವು ಎ.ಸಿ.ಯಾಗ ಕುಂತು ಗುಂಡಿ ಎಣಿಸಾವ್ರು, ನಿಮಗ ಹೆಂಗ ಗೊತ್ತಾಗಬೇಕು?"

ಅವನು ಮಾತು ಮುಗಿಸುವಷ್ಟರಲ್ಲಿ ಇನ್ನೂ ಆರು ಚುಕ್ಕೆಗಳು ಆರಿದವು. ಮಧ್ಯಾಹ್ನದ ಹೊತ್ತಿಗೆ ಪರದೆ ಬೋಳಾಯಿತು.

ಗುರುಪಾದಪ್ಪ ತಪ್ಪಾಯಿತು ಎನ್ನಲಿಲ್ಲ. ಅಂಥ ಅಭ್ಯಾಸ ಅವನಿಗಿರಲಿಲ್ಲ. ಶ್ರೀವತ್ಸರು ಎರಡು ದಿನ ಬಾಗಿಲು ಹಾಕಿಕೊಂಡು ಚಿಂತಿಸಿ ಪರಿಹಾರ ಬರೆದರು. ಫಕ್ಕೀರಪ್ಪನ ಕೆಲಸ ಉಳಿಯಿತು, ಹುದ್ದೆ ಮಾತ್ರ ಹೊಸದು: 'ಗುರುತುಪಾಲಕ'. ಅಂದರೆ ಹಾರೆ ಹಿಡಿದು, ಯಂತ್ರದ ನಕಾಶೆಯ ಅಳತೆಗೆ ಸರಿಯಾಗಿ ಗುಂಡಿ ತೋಡುವವನು. ಪಟ್ಟಿಯಲ್ಲಿ ಮೊದಲನೆಯದು ದಾವಲಸಾಬ ಬಿದ್ದ ಗುಂಡಿ.

ಫಕ್ಕೀರಪ್ಪ ತನ್ನ ಕೈಗೆ ಕೊಟ್ಟ ಹಾರೆಯನ್ನು ಶ್ರೀವತ್ಸರ ಮೇಜಿನ ಮೇಲೆ ಮಲಗಿಸಿದ. "ನೀವ ತೋಡ್ರಿ ಸಾಹೇಬ್ರ. ತೋಡಿದ ಮ್ಯಾಲೆ ಅದರಾಗ ಗಾಡೀನೂ ನೀವ ಓಡಸ್ರಿ" ಎಂದು ಹೊರನಡೆದ.

ಬಂದರಿನಿಂದ ಹಿಂತಿರುಗಿದ ಒಬ್ಬೊಬ್ಬ ಚಾಲಕನೂ ಸುದ್ದಿ ಕೇಳಿ ಬೀಗದ ಕೈ ಒಪ್ಪಿಸಿದ. ಅದಾದ ಮೂರನೆಯ ದಿನ ನಲವತ್ತು ಟ್ರೇಲರ್‌ಗಳೂ ಅಂಗಳದಲ್ಲೇ ಸಾಲಾಗಿ ನಿಂತಿದ್ದವು. ಅವು ಎಲ್ಲಿವೆ ಎಂದು ತಿಳಿಯಲು ಈಗ ಯಾವ ಯಂತ್ರವೂ ಬೇಕಿರಲಿಲ್ಲ.